ಹೊಂಗೆ, ಎಣ್ಣೆ, ಹಿಂಡಿ

1

ಮಂಡಗದ್ದೆ ಶಿವಮೊಗ್ಗ–ತೀರ್ಥಹಳ್ಳಿ ರಸ್ತೆಯಲ್ಲಿದೆ. ರಸ್ತೆಯ ಒಂದು ಪಕ್ಕ ತುಂಗೆ. ಹೊಳೆಯ ನಡುವೆ ಒಂದು ಎಕರೆಗಿಂತ ತುಸು ದೊಡ್ಡ ನಡುಗಡ್ಡೆ. ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಅಲ್ಲಿ ಗೂಡು ಕಟ್ಟುತ್ತವೆ. ಬಸ್ಸಿನ ಕಿಟಕಿಯಿಂದಲೇ ಕಾಣುತ್ತವೆ. ಯುಗಾದಿಯ ಹೊತ್ತಿಗೆ ಹಕ್ಕಿ ಇರುವುದಿಲ್ಲ, ನೋಡುವವರೂ ಇರುವುದಿಲ್ಲ. ದಡದಲ್ಲಿ ಹೊಂಗೆ ಕಾಯಿ ಬಿದ್ದಿರುವುದು ಆಗ.

2

ಒಂದೇ ಕೊಂಬೆಯಲ್ಲಿ ಹೋದ ವರ್ಷದ ಕಾಯಿ, ಈ ವರ್ಷದ ಹೂ. ಹೂವು ಬಲಿತ ಕಾಯಿಯಾಗಲು ಹತ್ತು, ಹನ್ನೊಂದು ತಿಂಗಳು ಹಿಡಿಯುತ್ತದೆ. ಹಾಗಾಗಿ ಎರಡು ವರ್ಷ ಒಂದೇ ಮರದಲ್ಲಿ ಒಟ್ಟಿಗೆ ನಿಂತಿರುತ್ತವೆ. ಕಾಯಿ ಕೊಯ್ಯಲು ಕೋಲು ಬೀಸಿದರೆ ಹೂವೂ ಉದುರುತ್ತದೆ. ಬಲ್ಲವರು ಬಡಿಯುವುದಿಲ್ಲ, ಬಿದ್ದದ್ದನ್ನು ಆರಿಸುತ್ತಾರೆ.

3

ಹೊಂಗೆ ಎಲೆಯ ಮೇಲೆ ಬೆರಳಿನಂತೆ ಎದ್ದು ನಿಂತ ಗಂಟುಗಳು. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯೊಂದರ ಕೆಲಸ. ಇಡೀ ಮರದ ಎಲೆಯೆಲ್ಲ ಹೀಗಾದದ್ದನ್ನು ನೋಡಿದ್ದೇನೆ. ಮರಕ್ಕೆ ಏನೂ ಆದಂತೆ ಕಾಣಲಿಲ್ಲ. ನೆರಳು ಅಷ್ಟೇ ಇತ್ತು.

4

ಕಾಯಿ ಒಣಗಿದರೂ ತಾನಾಗಿ ಬಿರಿಯುವುದಿಲ್ಲ. ಕಲ್ಲಿನಿಂದ ಕುಟ್ಟಿ ಬಿಡಿಸಬೇಕು. ಒಳಗೆ ಸಾಮಾನ್ಯವಾಗಿ ಒಂದು ಬೀಜ, ಅಪರೂಪಕ್ಕೆ ಎರಡು. ನೀರಿಗೆ ಬಿದ್ದರೆ ತೇಲುತ್ತದೆ. ದಡದ ಮರದಿಂದ ಬಿದ್ದವು ಹೊಳೆಯ ಜೊತೆ ಗಾಜನೂರಿನ ಅಣೆಕಟ್ಟಿನ ಕಡೆಗೆ ಹೋಗುತ್ತವೆ. ಒಳಗೆ ಎಣ್ಣೆ ಇದೆ ಎಂದು ತಿಳಿದಮೇಲೆ ಅದನ್ನು ನೋಡುತ್ತ ನಿಲ್ಲುವುದು ಕಷ್ಟ. ಕೈಗೆ ಸಿಕ್ಕಷ್ಟನ್ನು ಎತ್ತಿ ಚೀಲಕ್ಕೆ ಹಾಕಿಕೊಂಡೆ.

5

ಅಡಿಕೆ ತೋಟದ ಮನೆ. ಜಗಲಿಯ ಮೂಲೆಯಲ್ಲಿ ಹಿಂಡಿಯ ಚೀಲ ಒಟ್ಟಿದ್ದಾರೆ. ಬೇವಿನ ಹಿಂಡಿ ಒಂದಿಷ್ಟು, ಹೊಂಗೆ ಹಿಂಡಿ ಒಂದಿಷ್ಟು. ಬಯಲುಸೀಮೆಯಿಂದ ಲಾರಿಯಲ್ಲಿ ಬಂದದ್ದು.

ತೋಟದ ಕೆಳಗೆ ಹೊಳೆ. ಹೊಳೆಯಂಚಿಗೆ ಹೊಂಗೆ ಸಾಲು.

"ನಿಮ್ಮಲ್ಲೇ ಮರ ಇದೆಯಲ್ಲ ಗೌಡ್ರೆ?"

"ಇದೆ ಮಾರಾಯ್ರೆ. ಆರಿಸೋರು ಯಾರು?"

6

ಆರಿಸುವವರ ಲೆಕ್ಕ. ಬಯಲುಸೀಮೆಯಲ್ಲಿ ಬೇಸಿಗೆ ಎಂದರೆ ಹೊಲದಲ್ಲಿ ಕೆಲಸವಿಲ್ಲದ ಕಾಲ. ಹೊಂಗೆ, ಬೇವು ಬೀಳುವುದೂ ಆಗಲೇ. ಭೂಮಿ ಇಲ್ಲದ ಹೆಂಗಸರು, ಮುದುಕರು, ಮಕ್ಕಳು ಆರಿಸಿ ತಂದು ಸಂತೆಯಲ್ಲಿ ಮಾರುತ್ತಾರೆ. ಮಲೆನಾಡಿನಲ್ಲಿ ಅಡಿಕೆ ಕೊಯ್ಲು ಮುಗಿದರೂ ತೋಟದ ಕೆಲಸ ಮುಗಿಯುವುದಿಲ್ಲ. ಬೇಲಿ, ಸೊಪ್ಪು, ದರಗು, ಗೊಬ್ಬರ. ತೋಟದ ಕೂಲಿಯ ಮುಂದೆ ಹೊಂಗೆ ಬೀಜದ ರೇಟು ನಿಲ್ಲುವುದಿಲ್ಲ.

ಮರ ಎರಡು ಕಡೆಯೂ ಒಂದೇ. ದಿನದ ಬೆಲೆ ಬೇರೆ.

7

ಬರೆದಿಟ್ಟುಕೊಂಡ ಅಂಕಿಗಳು. ಕಾಯಿಯ ತೂಕದಲ್ಲಿ ಬೀಜ ಸುಮಾರು ಅರ್ಧ. ಬೀಜದಲ್ಲಿ ಎಣ್ಣೆ ನೂರಕ್ಕೆ 30ರಿಂದ 35. ಮಿಲ್ಲಿನಲ್ಲಿ ಕೈಗೆ ಬರುವುದು 25ರ ಆಸುಪಾಸು, ಊರ ಗಾಣದಲ್ಲಿ ಇನ್ನೂ ಕಡಿಮೆ. ಅಂದರೆ ನಾಲ್ಕು ಕಿಲೊ ಬೀಜಕ್ಕೆ ಒಂದು ಕಿಲೊ ಎಣ್ಣೆ, ಮೂರು ಕಿಲೊ ಹಿಂಡಿ. ಕಾಯಿಯ ಸಿಪ್ಪೆ ನಾಲ್ಕು ಕಿಲೊ, ಅದು ಒಲೆಗೆ.

ಮರವೊಂದಕ್ಕೆ ವರ್ಷಕ್ಕೆ ಎಷ್ಟು ಬೀಜ ಎಂದು ಹುಡುಕಿದರೆ ಪುಸ್ತಕಗಳು 9 ಕಿಲೊದಿಂದ 90 ಕಿಲೊ ಎನ್ನುತ್ತವೆ. ಒಂಬತ್ತಕ್ಕೂ ತೊಂಬತ್ತಕ್ಕೂ ನಡುವೆ ಹೊಂಗೆಯಿಂದ ಡೀಸೆಲ್ ಎಂಬ ಯೋಜನೆಯನ್ನು ಹೇಗೆ ನಿಲ್ಲಿಸಿದರೋ ತಿಳಿಯದು.

8

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸುಮಾರು 60 ಕಿಲೊಮೀಟರ್. ಬಸ್ಸು ಲೀಟರಿಗೆ ನಾಲ್ಕೂವರೆ ಕಿಲೊಮೀಟರ್ ಓಡುತ್ತದೆ ಎಂದಿಟ್ಟುಕೊಂಡರೆ ಒಂದು ಸಲ ಹೋಗಲು 13 ಲೀಟರ್ ಮೇಲೆ ಡೀಸೆಲ್. 2009ರ ಡಿಸೆಂಬರಿನಲ್ಲಿ ಬಂದ ರಾಷ್ಟ್ರೀಯ ಜೈವಿಕ ಇಂಧನ ನೀತಿ 2017ರ ಹೊತ್ತಿಗೆ ಡೀಸೆಲ್‌ಗೆ ಹೊಂಗೆಯಂಥ ಎಣ್ಣೆಯ ಇಂಧನವನ್ನು ನೂರಕ್ಕೆ 20 ಭಾಗ ಬೆರೆಸಬೇಕು ಎಂದಿತ್ತು. ಇಪ್ಪತ್ತು ಎಂದರೆ ಈ ಬಸ್ಸಿಗೆ ಮೂರು ಲೀಟರಿನ ಒಳಗೆ. ಬೀಜದಲ್ಲಿ ಹೇಳುವುದಾದರೆ ಹತ್ತು, ಹನ್ನೊಂದು ಕಿಲೊ. ಜೊತೆಗೆ ಎಂಟು ಕಿಲೊ ಹಿಂಡಿ.

ಒಂದು ಟ್ರಿಪ್ಪಿಗೆ ಒಂದು ಬಡ ಮರ.

2018ರ ಹೊಸ ನೀತಿ ಡೀಸೆಲ್‌ಗೆ ಬೆರೆಸುವ ಗುರಿಯನ್ನು 2030ಕ್ಕೆ ನೂರಕ್ಕೆ 5 ಎಂದು ಬದಲಿಸಿತು.

9

ರುಡಾಲ್ಫ್ ಡೀಸೆಲ್‌ನ ಎಂಜಿನ್ 1900ರಲ್ಲಿ ಪ್ಯಾರಿಸ್ಸಿನ ವಸ್ತುಪ್ರದರ್ಶನದಲ್ಲಿ ಶೇಂಗಾ ಎಣ್ಣೆಯಿಂದ ಓಡಿತು. ಓಡಿಸಿದ್ದು ಆಟೊ ಕಂಪನಿಯವರು. ನೋಡಿದವರಲ್ಲಿ ಹೆಚ್ಚಿನವರಿಗೆ ಒಳಗೆ ಶೇಂಗಾ ಎಣ್ಣೆ ಇದೆ ಎಂಬುದೇ ಗೊತ್ತಾಗಲಿಲ್ಲ ಎಂದು ಡೀಸೆಲ್ 1912ರಲ್ಲಿ ನೆನೆದ. ಮರುವರ್ಷ ಸೆಪ್ಟೆಂಬರ್ 29ರ ರಾತ್ರಿ ಇಂಗ್ಲೆಂಡಿಗೆ ಹೋಗುವ ಹಡಗಿನಿಂದ ಕಾಣೆಯಾದ.

ಅವನ ಎಂಜಿನ್ ಮೊದಲು ತಿರುಗಿದ ಆಗಸ್ಟ್ 10 ಈಗ ವಿಶ್ವ ಜೈವಿಕ ಇಂಧನ ದಿನ. ಮಂಡಗದ್ದೆಯಲ್ಲಿ ಆ ದಿನ ಮಳೆ ಇರುತ್ತದೆ. ಹೊಂಗೆ ಕಾಯಿ ಇನ್ನೂ ಎಳೆಯದು.

10

ಶೇಂಗಾ ಎಣ್ಣೆ ನಮಗೆ ಅಡುಗೆಗೇ ಸಾಲದು. ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹಡಗಿನಲ್ಲಿ ಬರುತ್ತದೆ. ಅದರಲ್ಲಿ ದೊಡ್ಡ ಪಾಲು ಇಂಡೊನೇಷ್ಯಾ, ಮಲೇಷ್ಯಾಗಳ ತಾಳೆ ಎಣ್ಣೆ. ಇಂಡೊನೇಷ್ಯಾದವರು 2023ರಲ್ಲಿ ತಮ್ಮ ಡೀಸೆಲ್‌ಗೆ ನೂರಕ್ಕೆ 35 ಭಾಗ, 2025ರಲ್ಲಿ 40 ಭಾಗ ತಾಳೆ ಎಣ್ಣೆಯ ಇಂಧನ ಬೆರೆಸಿದರು. ಅಲ್ಲಿ ಲಾರಿಗೆ ಹೋಗುವುದೂ ಇಲ್ಲಿ ಬಜ್ಜಿ ಕರಿಯುವುದೂ ಒಂದೇ ಗೊನೆಯದು.

ನಮ್ಮಲ್ಲಿ ಇಂಧನಕ್ಕೆ ತಿನ್ನದ ಎಣ್ಣೆ ಎಂದು ನಿಶ್ಚಯವಾದದ್ದು ಇದಕ್ಕೇ. ಹೊಂಗೆ, ಬೇವು, ಹಿಪ್ಪೆ, ಕಾಡುಹರಳು, ಸುರಹೊನ್ನೆ, ಸಿಮರೂಬ. ಪಟ್ಟಿಯಲ್ಲಿ ಹಿಪ್ಪೆಯೂ ಇದೆ. ಹಿಪ್ಪೆ ಎಣ್ಣೆಯನ್ನು ತಿನ್ನುವ ಜನ ಮಧ್ಯ ಭಾರತದಲ್ಲಿ ಈಗಲೂ ಇದ್ದಾರೆ.

11

ಬಯಲುಸೀಮೆಯ ಕಗ್ಗನಹಳ್ಳಿ. 1990ರ ದಶಕದ ಕೊನೆ. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯನ್ನು ಸಂಸ್ಕರಿಸದೆ ಹಾಗೆಯೇ ಜನರೇಟರಿಗೆ ಹಾಕಿ ಕೊಳವೆಬಾವಿಯಿಂದ ನೀರೆತ್ತಿಸಿದರು. ಊರವರು ಬೀಜ ಕೊಡುವುದು, ನೀರು ಪಡೆಯುವುದು. ಸುತ್ತಲಿನ ಹೊಲಗಳಿಗೆ ನೀರು ಹರಿಯಿತು.

ಅದೇ ಕಾಲದ ಆಸುಪಾಸಿನಲ್ಲಿ ದಾಂಡೇಲಿಯ ಫೆರೊಅಲಾಯ್ ಕಾರ್ಖಾನೆಯೂ ತನ್ನ ಡೀಸೆಲ್ ಜನರೇಟರುಗಳನ್ನು ಹೊಂಗೆ ಎಣ್ಣೆಗೆ ಬದಲಿಸಿತು.

ನಾನು ಹೆಚ್ಚು ಹೊತ್ತು ಯೋಚಿಸಿದ್ದು ಕಗ್ಗನಹಳ್ಳಿಯ ಬಗ್ಗೆ. ಅಲ್ಲಿ ಎಣ್ಣೆಯನ್ನು ಡೀಸೆಲ್ ಬೆಲೆಯ ಪಕ್ಕಕ್ಕೆ ಇಡಲಿಲ್ಲ. ಅಳತೆ ನೀರಿನದು.

12

ಹಸಿ ಹೊಂಗೆ ಎಣ್ಣೆ ಡೀಸೆಲ್‌ಗಿಂತ ಹತ್ತು ಪಟ್ಟಿಗೂ ಹೆಚ್ಚು ಮಂದ. ನಿಧಾನವಾಗಿ ತಿರುಗುವ ಹಳೆಯ ಪಂಪ್‌ಸೆಟ್ ಅದನ್ನು ನುಂಗುತ್ತದೆ. ಕೆಲವು ಕಾಲದ ಮೇಲೆ ಇಂಜೆಕ್ಟರಿನ ಮೂತಿಗೆ ಮಸಿ ಕಟ್ಟುತ್ತದೆ. ಬಿಚ್ಚಿ ತೊಳೆಯಬೇಕು. ಹೊಸ ಕಾರಿಗೆ ಹಾಕುವಂತಿಲ್ಲ.

13

ತೆಳುವಾಗಿಸುವ ವಿಧಾನ. ಒಂದು ಲೀಟರ್ ಎಣ್ಣೆಗೆ 200 ಮಿಲಿಲೀಟರ್ ಮೆಥನಾಲ್, ನಾಲ್ಕೈದು ಗ್ರಾಂ ಕಾಸ್ಟಿಕ್ ಸೋಡ. 60 ಡಿಗ್ರಿ ಬಿಸಿಯಲ್ಲಿ ಕಲಕುವುದು. ಆಮೇಲೆ ಸುಮ್ಮನೆ ಬಿಡುವುದು. ಎರಡು ಪದರ ಆಗುತ್ತದೆ. ಮೇಲೆ ತಿಳಿ, ಅದು ಬಯೋಡೀಸೆಲ್. ಕೆಳಗೆ ಕಂದು, ಅದು ಗ್ಲಿಸರಿನ್. ಮೇಲಿನದನ್ನು ಬೆಚ್ಚಗಿನ ನೀರಿನಲ್ಲಿ ತೊಳೆಯುತ್ತಾರೆ. ಎಣ್ಣೆಯನ್ನು ನೀರಿನಲ್ಲಿ ತೊಳೆಯುವುದನ್ನು ಮೊದಲ ಸಲ ನೋಡಿದವರು ಎರಡು ಸಲ ಕೇಳುತ್ತಾರೆ.

ಬೀಜ ತೇವ ಹಿಡಿದಿದ್ದರೆ, ಹಳೆಯದಾಗಿದ್ದರೆ ಎಣ್ಣೆ ಹುಳಿಯಾಗಿರುತ್ತದೆ. ಆಗ ಇದೇ ವಿಧಾನದಲ್ಲಿ ಬಯೋಡೀಸೆಲ್ ಬದಲು ಸೋಪು ಬರುತ್ತದೆ. ಮೊದಲು ಆಮ್ಲದಲ್ಲಿ ಒಂದು ಸುತ್ತು ಸಂಸ್ಕರಿಸಬೇಕು.

ಮಲೆನಾಡಿನಲ್ಲಿ ಬೀಜವನ್ನು ತೇವ ಹಿಡಿಯದಂತೆ ಇಡುವುದು ಅಂಗಳವಿಡೀ ಚಪ್ಪರ ಹಾಕುವವರಿಗೂ ಸುಲಭವಲ್ಲ.

14

ಮೆಥನಾಲ್ ನೆಲದಡಿಯ ಅನಿಲದಿಂದ ಆಗುತ್ತದೆ. ನಮ್ಮ ದೇಶಕ್ಕೆ ಅದರ ಬಹುಪಾಲು ಕೊಲ್ಲಿಯ ಕಡೆಯಿಂದ ಬರುತ್ತದೆ. ಪೆಟ್ರೋಲಿಯಂ ಬರುವ ಸಮುದ್ರದಲ್ಲೇ.

15

ಹಾಸನದ ಹತ್ತಿರ ಮಡೆನೂರು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ. ಸಾಲುಸಾಲಾಗಿ ಹೊಂಗೆ, ಬೇವು, ಹಿಪ್ಪೆ, ಸಿಮರೂಬ, ಸುರಹೊನ್ನೆ. ಸುತ್ತಲಿನ ಹಳ್ಳಿಗಳ ಬದುಗಳ ಮೇಲೆ ಸಸಿ ನೆಡಿಸಿದವರು ಇಲ್ಲಿನವರು. ಒಂದೇ ಮರದ ತೋಪು ಬೇಡ, ಐದಾರು ಬಗೆ ಬೇಕು. ಬೇರೆ ಬೇರೆ ತಿಂಗಳಲ್ಲಿ ಬೀಜ ಬಿದ್ದರೆ ಗಾಣ ವರ್ಷವಿಡೀ ತಿರುಗುತ್ತದೆ ಎಂಬುದು ಅವರ ವಿಚಾರ. ಇದು ನನಗೆ ತುಂಬ ಹಿಡಿಸಿತು. ಹೊಲ ಹೋಗುವುದಿಲ್ಲ, ಬದು ಸಾಕು.

ರಾಜ್ಯದ ಜೈವಿಕ ಇಂಧನ ನೀತಿ 2009ರದು. ಆಮೇಲೆ ಮಂಡಳಿ ಬಂತು. ಪಾಳು ಜಾಗಕ್ಕೆ ‘ಬರಡು ಬಂಗಾರ’, ಕಾಡಿನಂಚಿಗೆ ‘ಹಸಿರು ಹೊನ್ನು’ ಎಂದು ಯೋಜನೆಗಳಿಗೆ ಹೆಸರು. ಎರಡರಲ್ಲೂ ಚಿನ್ನ.

16

ಸಿಮರೂಬದಲ್ಲಿ ಗಂಡು ಮರ ಬೇರೆ ಇರುತ್ತದೆ. ಕಾಯಿ ಬಿಡುವುದಿಲ್ಲ. ಹೂ ಬಿಡುವವರೆಗೆ ಯಾವುದು ಗಂಡು ಎಂದು ಗೊತ್ತಾಗುವುದಿಲ್ಲ. ಹೂ ಬಿಡಲು ಐದಾರು ವರ್ಷ. ಅಷ್ಟು ವರ್ಷ ನೀರು ಹೊತ್ತವರ ಮನೆಯ ಮುಂದೆ ಗಂಡು ಮರಗಳು ಹುಲುಸಾಗಿ ನಿಂತಿವೆ.

17

ಕಾಡುಹರಳಿನ ಕಾಲ. 2003ರಲ್ಲಿ ಯೋಜನಾ ಆಯೋಗದ ಸಮಿತಿ ದೇಶದಲ್ಲಿ 1.12 ಕೋಟಿ ಹೆಕ್ಟೇರಿನಲ್ಲಿ ಕಾಡುಹರಳು, ಅಂದರೆ ಜಟ್ರೋಫಾ, ನೆಡಬೇಕಾಗುತ್ತದೆ ಎಂದು ಲೆಕ್ಕ ಹಾಕಿತು. ಇಡೀ ಕರ್ನಾಟಕದ ವಿಸ್ತೀರ್ಣ 1.92 ಕೋಟಿ ಹೆಕ್ಟೇರಿನೊಳಗೆ.

2002ರ ಡಿಸೆಂಬರ್ 31ರಂದು ದೆಹಲಿ–ಅಮೃತಸರ ಶತಾಬ್ದಿ ರೈಲು ನೂರಕ್ಕೆ 5 ಭಾಗ ಇದರ ಇಂಧನ ಬೆರೆಸಿಕೊಂಡು ಓಡಿತ್ತು. 2018ರ ಆಗಸ್ಟ್ 27ರಂದು ಡೆಹ್ರಾಡೂನ್‌ನಿಂದ ದೆಹಲಿಗೆ ವಿಮಾನವೂ ಹಾರಿತು, ಬೀಜ ಛತ್ತೀಸ್‌ಗಢದ್ದು. ರೈಲು ಓಡಿತು, ವಿಮಾನ ಹಾರಿತು. ನಡುವಿನ ಹದಿನೈದು ವರ್ಷದಲ್ಲಿ ಒಣಭೂಮಿಯಲ್ಲಿ ನೆಟ್ಟ ಗಿಡ ಹೇಳಿದಷ್ಟು ಕಾಯಿ ಬಿಡಲಿಲ್ಲ. ನೀರು, ಗೊಬ್ಬರ ಕೊಟ್ಟ ಕಡೆ ಬಿಟ್ಟಿತು. ನೀರು, ಗೊಬ್ಬರ ಇದ್ದವರು ಬೇರೆ ಬೆಳೆ ಬೆಳೆದರು.

18

ತೀರ್ಥಹಳ್ಳಿ ತಾಲ್ಲೂಕಿನ ಬೇಲಿಗಳಲ್ಲಿ ಕಾಡುಹರಳು ಯಾವ ಸಮಿತಿಗೂ ಮೊದಲೇ ಇದೆ. ದನ ಬಾಯಿ ಹಾಕುವುದಿಲ್ಲ ಎಂದು ನೆಟ್ಟದ್ದು. ಶಾಲೆಯಿಂದ ಬರುವ ಮಕ್ಕಳು ತೊಟ್ಟು ಮುರಿದು, ಹಾಲಿಗೆ ಕಡ್ಡಿಯ ಬಳೆ ಅದ್ದಿ ಊದುತ್ತಾರೆ. ಗುಳ್ಳೆ ಬಣ್ಣಬಣ್ಣವಾಗಿ ಹೋಗುತ್ತದೆ. ಈ ಗಿಡದ ಉಪಯೋಗ ಏನು ಎಂದು ಒಬ್ಬ ಹುಡುಗನನ್ನು ಕೇಳಿದೆ. ತೋರಿಸಿದ.

19

ಫ್ರಾನ್ಸಿಸ್ ಬುಕಾನನ್ 1800–01ರಲ್ಲಿ ಮೈಸೂರು ಸೀಮೆ, ಕನ್ನಡ ಜಿಲ್ಲೆ, ಮಲಬಾರು ಸುತ್ತಿದ. ಇಕ್ಕೇರಿ, ನಗರಗಳನ್ನೂ ಹಾದುಹೋದ. ಈಗಿನ ಸಾಗರ, ಹೊಸನಗರ ತಾಲ್ಲೂಕು. ಅವನ ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಹೋದ ಕಡೆಯೆಲ್ಲ ಏನು ಬೆಳೆಯುತ್ತಾರೆ, ಯಾವ ಎಣ್ಣೆ ತೆಗೆಯುತ್ತಾರೆ, ಗಾಣ ಹೇಗಿದೆ ಎಂದು ಬರೆದುಕೊಂಡ. ದೊಡ್ಡ ಹರಳು, ಚಿಕ್ಕ ಹರಳು ಬೇರೆ ಬೇರೆ ಎಂಬುದನ್ನೂ ಬಿಡಲಿಲ್ಲ.

ಹರಳೆಣ್ಣೆಗೆ ಗಾಣ ಬೇಡ. ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ್ದನ್ನು ಸೌಟಿನಲ್ಲಿ ತೆಗೆಯುವುದು. ಹೆಂಗಸರ ಕೆಲಸ. ಆಗ ದೀಪಕ್ಕೆ ಹರಳು, ಹೊಂಗೆ, ಹಿಪ್ಪೆ. ಸೀಮೆಎಣ್ಣೆ ಬಂದಮೇಲೆ ಈ ಮೂರೂ ದೀಪದಿಂದ ಇಳಿದವು. ಮರಗಳು ಉಳಿದವು.

20

ಹೊಂಗೆ ಎಣ್ಣೆಯ ದೀಪ ಹಚ್ಚಿ ನೋಡಿದೆ. ಬೆಳಕು ಹಳದಿ. ವಾಸನೆ ಇದೆ. ಮಸಿ ಬರುತ್ತದೆ. ಮನೆಯ ಹಿರಿಯರು ಸೊಳ್ಳೆ ಬರುವುದಿಲ್ಲ ಎಂದರು. ಬಂತು, ಆದರೆ ಕಡಿಮೆ.

21

ಸಾಗರ, ಹೊಸನಗರದ ಕಾನಿನಲ್ಲಿ ಉಪ್ಪಾಗೆ. ಹಣ್ಣು ಮಳೆಗಾಲದಲ್ಲಿ. ಸಿಪ್ಪೆಯನ್ನು ಬೆಂಕಿಯ ಮೇಲೆ ತಟ್ಟಿಯಲ್ಲಿ ಒಣಗಿಸುತ್ತಾರೆ, ಕಪ್ಪಾಗುತ್ತದೆ. ಕೇರಳದ ಮೀನು ಸಾರಿಗೆ ಹೋಗುತ್ತದೆ. 1990ರ ದಶಕದಲ್ಲಿ ಅದರ ಆಮ್ಲದಿಂದ ಮೈ ಕರಗುತ್ತದೆಂದು ಅಮೆರಿಕದಲ್ಲಿ ಮಾತ್ರೆ ಮಾಡತೊಡಗಿದ ಮೇಲೆ ಬೆಲೆ ಏರಿತು. ಕಾಡಿನಲ್ಲಿ ಹಣ್ಣಾಗುವ ಮೊದಲೇ ಕೊಯ್ದರು. ಒಣಗಿಸಲು ಸೌದೆ ಕಡಿದರು.

ಬೀಜದ ಕಥೆ ಬೇರೆ. ಒಣಗಿಸಿ, ಕುಟ್ಟಿ, ಕುದಿಸಿದರೆ ತುಪ್ಪ. ಆರಿದರೆ ಗಟ್ಟಿಯಾಗುತ್ತದೆ. ದೋಸೆಗೆ ಹಾಕುತ್ತಾರೆ. ಮುರುಗಲ ಬೀಜದ ತುಪ್ಪ ಹಿಮ್ಮಡಿಯ ಒಡಕಿಗೆ.

ಸಿಪ್ಪೆ ಮಾರುವ ಮನೆಯಲ್ಲಿ ಬೀಜ ತಿಪ್ಪೆಗೆ ಹೋಗುವುದನ್ನು ನೋಡಿದೆ. ಇನ್ನೊಂದು ಮನೆಯಲ್ಲಿ ಬೀಜವನ್ನೇ ಜೋಪಾನವಾಗಿ ಇಟ್ಟಿದ್ದರು. ಎರಡು ಮನೆಗೂ ಒಂದೇ ಕಾನು.

22

ಹೊಸನಗರ ಕಡೆಯ ರಬ್ಬರ್ ತೋಟ. ಬಿಸಿಲು ಬಂದ ಮಧ್ಯಾಹ್ನ ಕಾಯಿ ಸಿಡಿಯುತ್ತದೆ. ಪಟ್ ಎಂಬ ಶಬ್ದ, ಆಮೇಲೆ ಎಲೆಗಳ ನಡುವೆ ಬೀಜ ಬೀಳುವ ಶಬ್ದ. ಬೀಜದ ಮೈಮೇಲೆ ಮಚ್ಚೆ. ತಿರುಳಿನಲ್ಲಿ ಎಣ್ಣೆ ನೂರಕ್ಕೆ ನಲವತ್ತರ ಮೇಲೆ. ಕಲ್ಲಿಕೋಟೆಯ ಎನ್‌ಐಟಿಯವರು 2005ರಲ್ಲಿ ಇದರಿಂದ ಬಯೋಡೀಸೆಲ್ ತೆಗೆದ ವಿವರ ಪ್ರಕಟಿಸಿದರು. ಹುಳಿ ನೂರಕ್ಕೆ 17ರಷ್ಟು ಇತ್ತು. ಎರಡು ಸುತ್ತು ಸಂಸ್ಕರಿಸಿದರು.

ಇಲ್ಲಿ ಬೀಜ ಬೀಳುವುದು ಮಳೆಯಲ್ಲಿ. ಕೆಲವು ದಿನಕ್ಕೆ ಬೂಸು. ತೋಟದವರು ಹಾಲು ಮಾತ್ರ ಎಣಿಸುತ್ತಾರೆ.

23

ಎಣ್ಣೆ ಮಿಲ್ಲು, ಬಯಲುಸೀಮೆಯ ಒಂದು ಪೇಟೆ. ಹೊಂಗೆ ಎಣ್ಣೆಯನ್ನು ಯಾರು ಕೊಳ್ಳುತ್ತಾರೆ ಎಂದು ಕೇಳಿದೆ. ಸೋಪಿನವರು, ಚರ್ಮ ಹದ ಮಾಡುವವರು, ಔಷಧಿಯವರು, ಗಿಡಕ್ಕೆ ಹೊಡೆಯುವವರು. ಇಂಧನಕ್ಕೆ?

"ಅವರು ಡೀಸೆಲ್ ರೇಟಿಗೆ ಕೇಳ್ತಾರಣ್ಣ. ಸೋಪಿನವರು ಹಾಗೆ ಕೇಳಲ್ಲ."

ಹಿಂಡಿ ಎಲ್ಲಿಗೆ ಹೋಗುತ್ತದೆ?

"ನಿಮ್ಮ ಕಡೆಗೇ. ಅಡಿಕೆ, ಕಾಫಿ. ಎಣ್ಣೆ ಡ್ರಮ್ಮಿನಲ್ಲಿ ಕೂತಿರುತ್ತೆ. ಹಿಂಡಿ ಕೂರಲ್ಲ."

ಅಂಗಳದಲ್ಲಿ ಹಿಂಡಿ ತುಂಬುತ್ತಿದ್ದ ಲಾರಿಗೆ ಡೀಸೆಲ್ ಹಾಕಿಸಲು ಕ್ಲೀನರ್ ದುಡ್ಡು ಕೇಳುತ್ತಿದ್ದ.

24

ಡೀಸೆಲ್ ಬೆಲೆಯನ್ನು ಸರ್ಕಾರ 2014ರ ಅಕ್ಟೋಬರ್‌ವರೆಗೆ ಹಿಡಿದಿಟ್ಟುಕೊಂಡಿತ್ತು. ರಾಜ್ಯದಲ್ಲಿ ಹೊಂಗೆ ನೆಡಿಸಿದ ವರ್ಷಗಳು ಅದೇ ಅವಧಿಯವು. ಬೆಲೆ ಬಿಟ್ಟಾಗ ಜಗತ್ತಿನಲ್ಲಿ ಕಚ್ಚಾತೈಲ ಇಳಿಯುತ್ತಿತ್ತು.

ಆ ವರ್ಷ ಬದುಗಳ ಮೇಲಿನ ಸಸಿಗಳಿಗೆ ನಾಲ್ಕೈದು ವರ್ಷ. ಮೊದಲ ಕಾಯಿ ಬಿಡುವ ವಯಸ್ಸು.

25

ಹೊಂಗೆ ಹಿಂಡಿಯಲ್ಲಿ ಸಾರಜನಕ ನೂರಕ್ಕೆ 4ರಷ್ಟು, ರಂಜಕ, ಪೊಟ್ಯಾಷ್ ತಲಾ 1ರ ಆಸುಪಾಸು. ಕಹಿ ಇದೆ, ದನಕ್ಕೆ ಹಾಕುವುದಿಲ್ಲ. ಅದೇ ಕಹಿಯಿಂದ ಮಣ್ಣಿನ ಹುಳು ದೂರ ಎಂದು ತೋಟದವರು ಹಾಕುತ್ತಾರೆ. ಹರಳು ಹಿಂಡಿಯನ್ನು ತೋಟಕ್ಕೆ ಹಾಕಿದವರು ನಾಯಿ ಕಟ್ಟಿಹಾಕುತ್ತಾರೆ, ತಿಂದರೆ ಸಾಯುತ್ತದೆ. ಕಾಡುಹರಳು ಹಿಂಡಿಯೂ ವಿಷ.

ದನಕ್ಕೆ ಶೇಂಗಾ ಹಿಂಡಿ, ಹತ್ತಿ ಹಿಂಡಿ. ಎಲ್ಲವೂ ಘಟ್ಟದ ಕೆಳಗಿನದೋ ಬಯಲುಸೀಮೆಯದೋ.

26

ಶಿರಸಿ, ಸಾಗರದ ಕಡೆ ಗೋಬರ್ ಗ್ಯಾಸ್ ಇಲ್ಲದ ತೋಟದ ಮನೆ ಕಡಿಮೆ. ಶಿರಸಿಯ ಗೋಬರ್ ಗ್ಯಾಸ್ ಯಶಸ್ಸಿನ ಅಧ್ಯಯನ 2001ರಲ್ಲಿ ಪ್ರಕಟವಾಗಿದೆ. ಎಣ್ಣೆ ತೆಗೆದ ಹಿಂಡಿಯನ್ನು ಗುಂಡಿಗೆ ಹಾಕಿದರೆ ಸಗಣಿಗಿಂತ ಹೆಚ್ಚು ಗ್ಯಾಸು ಬರುತ್ತದೆ, ಸಾರಜನಕ ಬಗ್ಗಡದಲ್ಲೇ ಉಳಿಯುತ್ತದೆ. ಬಗ್ಗಡ ತೋಟಕ್ಕೆ. ಒಂದೇ ಹಿಂಡಿ ಎರಡು ಸಲ ಕೆಲಸ ಮಾಡಿದಂತಾಯಿತು. ದನ ಸಾಕುವವರು ಕಡಿಮೆಯಾಗಿ ಗುಂಡಿ ಖಾಲಿ ಬಿದ್ದ ಮನೆಗಳಲ್ಲಿ ಇದನ್ನು ಮಾಡಿ ನೋಡಬೇಕು ಎಂಬುದು ನನ್ನ ಆಸೆ.

ಹೇಳಿದ ಮನೆಯಲ್ಲಿ ಕೇಳಿಸಿಕೊಂಡರು. ಗ್ಯಾಸಿನ ಒಲೆಯ ಮೇಲೆ ಕಾಫಿ ಕಾಯುತ್ತಿತ್ತು. ಸಿಲಿಂಡರಿನದು.

27

ಗ್ಲಿಸರಿನ್. ಸಣ್ಣ ಘಟಕಗಳಲ್ಲಿ ಮೂಲೆಯ ಕ್ಯಾನುಗಳಲ್ಲಿ ಅದೇ ತುಂಬಿರುತ್ತದೆ. ಮೆಥನಾಲ್, ಸೋಪು ಬೆರೆತ ಕಂದು ನೀರು. ಶುದ್ಧ ಮಾಡಿದರೆ ಔಷಧಿಗೂ ಆಗುತ್ತದೆ. ಶುದ್ಧ ಮಾಡುವ ಯಂತ್ರ ಘಟಕಕ್ಕಿಂತ ದುಬಾರಿ. ಬಟ್ಟೆ ಸೋಪು ಮಾಡಿ ಕೊಟ್ಟರು. ಕೈಗೆ ಗಡುಸು. ಎಣ್ಣೆ ಕಲೆ ಹೋಯಿತು.

28

ಬಯೋಡೀಸೆಲ್ ಹಾಕಿದ ಹಳೆಯ ಎಂಜಿನ್ನಿನಲ್ಲಿ ಮೊದಲು ಕಟ್ಟುವುದು ಫಿಲ್ಟರು. ಟ್ಯಾಂಕಿನಲ್ಲಿ ವರ್ಷಗಟ್ಟಲೆ ಕೂತ ಡೀಸೆಲ್‌ನ ಗಸಿಯನ್ನು ಅದು ಕರಗಿಸಿ ತರುತ್ತದೆ. ಮೆಕ್ಯಾನಿಕ್ಕುಗಳು ಹೊಸ ಎಣ್ಣೆಯನ್ನು ಬಯ್ಯುತ್ತಾರೆ. ಗಸಿ ಹಳೆಯದರದು.

29

ಮಳೆಗಾಲದ ತೋಟ. ಕೊಳೆರೋಗಕ್ಕೆ ಬೋರ್ಡೊ ಹೊಡೆಯುವ ಪಂಪಿನ ಸದ್ದು. ಮೈಲುತುತ್ತ, ಸುಣ್ಣ, ನೀರು. ಅಂಟಲಿ ಎಂದು ರಾಳ. ಈ ರೋಗದ ಮೇಲೆ ಲೆಸ್ಲಿ ಕೋಲ್‌ಮನ್ ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿ 1910ರಲ್ಲಿ ವರದಿ ಬರೆದ. ನೂರು ವರ್ಷದ ಮೇಲಾದರೂ ಔಷಧಿ ಅದೇ.

ಪಂಪಿಗೆ ಇಂಧನ ಬೇಕಾಗುವುದು ಜೂನ್‌ನಿಂದ. ಹೊಂಗೆ ಬೀಜ ಮುಗಿಯುವುದು ಮೇ ಕೊನೆಗೆ. ಎರಡಕ್ಕೂ ನಡುವೆ ಒಂದು ಗಾಣ ಬೇಕು, ಒಣ ಕೋಣೆ ಬೇಕು. ಮಂಡಗದ್ದೆಯಿಂದ ತೀರ್ಥಹಳ್ಳಿವರೆಗೆ ಹೊಂಗೆ ಹಿಂಡುವ ಗಾಣ ಕೇಳುತ್ತ ಹೋದೆ. ಕೊಬ್ಬರಿ ಗಾಣ ತೋರಿಸಿದರು. ಅದರಲ್ಲಿ ಹೊಂಗೆ ಹಾಕಿದರೆ ಆಮೇಲೆ ಕೊಬ್ಬರಿಯೂ ಕಹಿ.

30

1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು. ಮಂಗನ ಕಾಯಿಲೆ. ಉಣುಗಿನಿಂದ ಹರಡುತ್ತದೆ. ತೀರ್ಥಹಳ್ಳಿ, ಸಾಗರ, ಹೊಸನಗರದಲ್ಲಿ ಬೇಸಿಗೆ ಬಂತೆಂದರೆ ಆರೋಗ್ಯ ಇಲಾಖೆಯವರು ಕಾಡಿಗೆ ಹೋಗುವವರಿಗೆ ಹಚ್ಚಿಕೊಳ್ಳಲು ಎಣ್ಣೆ ಹಂಚುತ್ತಾರೆ. ಮೊದಲು ಡಿಎಂಪಿ, ಈಚೆಗೆ ಡೀಪಾ. ಎರಡೂ ಕಾರ್ಖಾನೆಯವು. ಬಾಟಲಿ ಗೋಡೆಯ ಮೊಳೆಗೆ ತೂಗುಹಾಕಿರುತ್ತಾರೆ.

31

ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ಈಗ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ ಇದೆ. ಕೆಳದಿ ಶಿವಪ್ಪ ನಾಯಕನ ಹೆಸರಿನದು. ದಾರಿಯಲ್ಲಿ ಒಂದು ನರ್ಸರಿಗೆ ಹೋದೆ. ಕಸಿ ಹೊಂಗೆ ಮೂರನೇ ವರ್ಷಕ್ಕೇ ಕಾಯಿ ಬಿಡುತ್ತದೆ ಎಂದರು. ಯಾರು ಒಯ್ಯುತ್ತಾರೆ ಎಂದು ಕೇಳಿದರೆ ಕಸಿಯಲ್ಲ, ಬೀಜದ ಸಸಿಯನ್ನೇ ಒಯ್ಯುವವರು ಹೆಚ್ಚು ಎಂದರು. ಸೊಪ್ಪಿಗೆ.

32

ಹೊಂಗೆ ಸೊಪ್ಪು ಗದ್ದೆಗೆ ಒಳ್ಳೆಯದು. ಬೇಗ ಕೊಳೆಯುತ್ತದೆ. ಮರ ಗಾಳಿಯ ಸಾರಜನಕವನ್ನು ಬೇರಿನ ಗಂಟಿನಲ್ಲಿ ಹಿಡಿಯುವ ಜಾತಿಯದು. ಸೊಪ್ಪಿನಬೆಟ್ಟ ದೂರವಾದವರು ಗದ್ದೆಯ ಅಂಚಿಗೆ ಹೊಂಗೆ ನೆಟ್ಟುಕೊಂಡಿದ್ದಾರೆ. ವರ್ಷವೂ ಕೊಂಬೆ ಕಡಿಯುತ್ತಾರೆ. ಕಡಿದ ಮರ ಹೂ ಬಿಡುವುದಿಲ್ಲ. ಹೂ ಇಲ್ಲ, ಕಾಯಿ ಇಲ್ಲ, ಎಣ್ಣೆ ಇಲ್ಲ. ಸೊಪ್ಪು ಇದೆ.

ಮಂಡಗದ್ದೆಯ ಹತ್ತಿರದ ಒಂದು ಗದ್ದೆಯಲ್ಲಿ ಸಾಲು ಮರಗಳ ತಲೆ ಬೋಳು. ತುದಿಯ ಎರಡು ಮರ ಮಾತ್ರ ಕಡಿದಿಲ್ಲ, ಕಾಯಿ ತುಂಬಿದೆ.

"ಇವನ್ನ್ಯಾಕೆ ಬಿಟ್ರಿ ಅಮ್ಮ?"

"ಎಣ್ಣೆ ಬೇಕಲ್ಲ ಮಾರಾಯ್ರೆ. ಕೊಟ್ಟಿಗೇಲಿ ದನಕ್ಕೆ ಉಣುಗು ಹತ್ತುತ್ತೆ."

ಎಲ್ಲಿ ಹಿಂಡಿಸುತ್ತೀರಿ ಎಂದು ಕೇಳಿದೆ. ಹಿಂಡಿಸುವುದಿಲ್ಲವಂತೆ. ಹುರಿದು, ಕುಟ್ಟಿ, ಕುದಿಸಿ, ಸೌಟಿನಲ್ಲಿ ತೆಗೆಯುತ್ತಾರೆ. ವರ್ಷಕ್ಕೆ ಎರಡು ಬಾಟಲಿ. ಚರಟ ತೆಂಗಿನ ಬುಡಕ್ಕೆ.